ನರದ ಪೊರೆಯ ಕ್ಯಾನ್ಸರ್, ಎಂಪಿಎನ್‌ಎಸ್‌ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ರಿಪೋರ್ಟಿನಲ್ಲಿ ಎಂಪಿಎನ್‌ಎಸ್‌ಟಿ ಅಂತ ಬರೆದಿದ್ದಾರೆ. ಏನಿದು?

ಬೆನ್ನುಹುರಿಯಿಂದ ಹೊರಟು ಕೈ, ಕಾಲು, ಎದೆ, ಹೊಟ್ಟೆ ಅಂತ ಮೈಯೆಲ್ಲ ಹರಡಿರುವ ನರಗಳ ಮೇಲೆ ಒಂದು ಪೊರೆ ಇರುತ್ತದೆ, ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಇರುವ ಹಾಗೆ. ಆ ಪೊರೆಯ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಪೂರ್ತಿ ಹೆಸರು ಮ್ಯಾಲಿಗ್ನಂಟ್ ಪೆರಿಫೆರಲ್ ನರ್ವ್ ಶೀತ್ ಟ್ಯೂಮರ್. ಸಾರ್ಕೋಮಾ ಎಂಬ ಗುಂಪಿಗೆ ಸೇರಿದ್ದು. ಸ್ನಾಯು, ಕೊಬ್ಬು, ನರ, ರಕ್ತನಾಳದಂಥ ಮೆತ್ತನೆಯ ಭಾಗಗಳಲ್ಲಿ ಬರುವ ಸಾರ್ಕೋಮಾಗಳಲ್ಲಿ ಇದರ ಪಾಲು ಶೇ. 5ರಿಂದ 10. ಹಳೆಯ ರಿಪೋರ್ಟುಗಳಲ್ಲಿ ನ್ಯೂರೋಫೈಬ್ರೋಸಾರ್ಕೋಮಾ ಅಥವಾ ಮ್ಯಾಲಿಗ್ನಂಟ್ ಶ್ವಾನೋಮಾ ಅಂತ ಇದ್ದರೆ ಅದೂ ಇದೇ, ಬೇರೆ ಕಾಯಿಲೆ ಅಂತ ಗಾಬರಿಯಾಗಬೇಡಿ.

ಯಾರಿಗೆ ಬರುತ್ತದೆ? ನಮಗೇ ಯಾಕೆ ಬಂತು?

ಸಾಮಾನ್ಯ ಜನರಲ್ಲಿ ಲಕ್ಷಕ್ಕೆ ಒಬ್ಬರ ಲೆಕ್ಕ. ಅಷ್ಟು ಅಪರೂಪ ಆಗಿರುವುದರಿಂದ ಎಷ್ಟೋ ಡಾಕ್ಟರುಗಳು ಇಡೀ ವೃತ್ತಿಯಲ್ಲಿ ಇಂಥ ಒಬ್ಬ ರೋಗಿಯನ್ನೂ ನೋಡಿರುವುದಿಲ್ಲ. ಅದು ಅವರ ತಪ್ಪಲ್ಲ. ಆದರೆ ಅದೇ ಕಾರಣಕ್ಕೆ ಮನೆಯವರಾದ ನೀವು ಒಂದಷ್ಟು ತಿಳಿದುಕೊಂಡಿರಬೇಕು.

ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಮೊದಲೇ ನ್ಯೂರೋಫೈಬ್ರೊಮಟೋಸಿಸ್ ಟೈಪ್ 1, ಅಂದರೆ ಎನ್‌ಎಫ್1, ಇರುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ, ಹಿಂದೆ ಯಾವುದೋ ಕಾಯಿಲೆಗೆ ರೇಡಿಯೇಷನ್ ಕೊಟ್ಟಿದ್ದ ಜಾಗದಲ್ಲೇ ವರ್ಷಗಳು ಕಳೆದ ಮೇಲೆ ಬರುತ್ತದೆ. ಉಳಿದವರಿಗೆ ಕಾರಣ ಅಂತ ಯಾವುದೂ ಸಿಗುವುದಿಲ್ಲ. ಎನ್‌ಎಫ್1 ಇರುವವರಿಗೆ ಬಹುಪಾಲು 20ರಿಂದ 40 ವರ್ಷದೊಳಗೆ, ಇಲ್ಲದವರಿಗೆ ಸಾಮಾನ್ಯವಾಗಿ 40 ದಾಟಿದ ಮೇಲೆ.

ಬೈಕಿನಿಂದ ಬಿದ್ದು ಪೆಟ್ಟಾಗಿತ್ತು, ಅದರಿಂದ ಬಂತಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಪೆಟ್ಟು ಬಿದ್ದಾಗ ನೋವಿರುವ ಜಾಗವನ್ನು ಒತ್ತಿ ನೋಡುತ್ತೇವೆ, ಅಲ್ಲಿಯವರೆಗೆ ಗಮನಕ್ಕೆ ಬರದೇ ಇದ್ದ ಗಂಟು ಆಗ ಕೈಗೆ ಸಿಗುತ್ತದೆ, ಅಷ್ಟೇ. ಊಟದಿಂದಲೂ ಅಲ್ಲ, ಯಾರ ಶಾಪದಿಂದಲೂ ಅಲ್ಲ. ಅಂಟುರೋಗವಂತೂ ಅಲ್ಲವೇ ಅಲ್ಲ.

ಎನ್‌ಎಫ್1 ಅಂದರೆ? ಮೈಮೇಲಿರುವ ಗಂಟುಗಳೆಲ್ಲ ಕ್ಯಾನ್ಸರ್ ಆಗುತ್ತವಾ?

ಎನ್‌ಎಫ್1 ಹುಟ್ಟಿನಿಂದಲೇ ಇರುವ ಜೀನ್ ತೊಂದರೆ. ಸುಮಾರು 2,500ರಿಂದ 3,000 ಜನರಲ್ಲಿ ಒಬ್ಬರಿಗೆ ಇರುತ್ತದೆ, ಹಾಗಾಗಿ ಇದು ತೀರಾ ಅಪರೂಪವೇನಲ್ಲ. ಜರ್ಮನಿಯ ಡಾಕ್ಟರ್ ಫ್ರೆಡ್ರಿಕ್ ಫಾನ್ ರೆಕ್ಲಿಂಗ್‌ಹೌಸೆನ್ 1882ರಲ್ಲಿ ಇದನ್ನು ವಿವರಿಸಿದರು. 17ನೇ ಕ್ರೋಮೊಸೋಮಿನಲ್ಲಿರುವ ಆ ಜೀನ್ ಸಿಕ್ಕಿದ್ದು 1990ರಲ್ಲಿ. ಈ ಜೀನ್ ನ್ಯೂರೋಫೈಬ್ರೊಮಿನ್ ಎಂಬ ಪ್ರೋಟೀನ್ ತಯಾರಿಸುತ್ತದೆ, ಅದು ಜೀವಕೋಶಗಳು ಬೇಕಾಬಿಟ್ಟಿ ಬೆಳೆಯದಂತೆ ತಡೆಯುತ್ತದೆ. ಜೀನ್ ಕೆಟ್ಟಾಗ ಆ ತಡೆ ಸಡಿಲವಾಗುತ್ತದೆ.

ಗುರುತುಗಳು ಕಣ್ಣಿಗೆ ಕಾಣುವಂಥವೇ. ಹಾಲು ಹಾಕಿದ ಕಾಫಿ ಬಣ್ಣದ ಮಚ್ಚೆಗಳು ಆರು ಅಥವಾ ಅದಕ್ಕಿಂತ ಜಾಸ್ತಿ, ಕಂಕುಳಲ್ಲಿ ಮತ್ತು ತೊಡೆಸಂದಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು, ದೊಡ್ಡವರಾಗುತ್ತಾ ಚರ್ಮದ ಮೇಲೆ ಮೆತ್ತನೆಯ ಗಂಟುಗಳು. ಹುಟ್ಟುಮಚ್ಚೆ, ಅದೃಷ್ಟದ ಮಚ್ಚೆ ಅಂತ ಮನೆಯಲ್ಲಿ ಹೇಳಿ ಬಿಟ್ಟುಬಿಟ್ಟಿರುತ್ತಾರೆ. ಮಗುವಿನ ಮೈಮೇಲೆ ಅಷ್ಟು ಮಚ್ಚೆ ಇದ್ದರೆ ದಯವಿಟ್ಟು ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಈಗ ಮುಖ್ಯ ವಿಷಯ. ಚರ್ಮದ ಮೇಲೆ ಏಳುವ ಮೆತ್ತನೆಯ ಸಣ್ಣ ಗಂಟುಗಳು ನೂರಿರಲಿ, ಸಾವಿರ ಇರಲಿ, ಅವು ಕ್ಯಾನ್ಸರ್ ಆಗುವುದಿಲ್ಲ. ಅವುಗಳಿಂದ ಮುಜುಗರ ಆಗಬಹುದು, ತುರಿಕೆ ಆಗಬಹುದು, ಆದರೆ ಭಯಪಡಬೇಕಾದ್ದು ಅವಕ್ಕಲ್ಲ. ಒಳಗೆ ದೊಡ್ಡ ನರಗಳ ಉದ್ದಕ್ಕೂ ಹಬ್ಬಿಕೊಂಡು ಬೆಳೆಯುವ ಪ್ಲೆಕ್ಸಿಫಾರ್ಮ್ ನ್ಯೂರೋಫೈಬ್ರೊಮಾ ಅಂತ ಇರುತ್ತದೆ, ಮತ್ತು ಆಳದಲ್ಲಿ ಒಂಟಿಯಾಗಿ ಬೆಳೆಯುವ ಗಡ್ಡೆಗಳೂ ಇರುತ್ತವೆ. ಕ್ಯಾನ್ಸರ್ ಆಗಿ ತಿರುಗುವುದು ಇಂಥವು. ಎಲ್ಲವೂ ತಿರುಗುವುದಿಲ್ಲ. ಎನ್‌ಎಫ್1 ಇರುವ ಒಬ್ಬರಿಗೆ ಇಡೀ ಜೀವಮಾನದಲ್ಲಿ ಎಂಪಿಎನ್‌ಎಸ್‌ಟಿ ಬರುವ ಸಾಧ್ಯತೆ ಶೇ. 8ರಿಂದ 13 ಅಂತ ಅಂದಾಜು. ಅಂದರೆ ಹೆಚ್ಚಿನವರಿಗೆ ಬರುವುದೇ ಇಲ್ಲ. ಆದರೂ ಸಾಮಾನ್ಯ ಜನರ ಲೆಕ್ಕಕ್ಕೆ ಹೋಲಿಸಿದರೆ ಇದು ಬಹಳ ಜಾಸ್ತಿ, ಆದ್ದರಿಂದ ಕಣ್ಣಿಟ್ಟಿರಲೇಬೇಕು.

ಒಳಗೆ ಎಲ್ಲೆಲ್ಲಿ ಗಡ್ಡೆ ಇದೆ ಅಂತ ತಿಳಿಯಲು ಯೌವನಕ್ಕೆ ಬರುವ ಹೊತ್ತಿಗೆ ಒಮ್ಮೆ ಇಡೀ ಮೈಯ ಎಂಆರ್‌ಐ ಮಾಡಿಸಿ ಅಂತ ಯುರೋಪಿನ ತಜ್ಞರು ಹೇಳುತ್ತಾರೆ. ಇದು ಒಳ್ಳೆಯ ಸಲಹೆ. ಮುಂದೆ ನೋವು ಬಂದಾಗ ಹೋಲಿಸಿ ನೋಡಲು ಒಂದು ಹಳೆಯ ಚಿತ್ರ ಕೈಯಲ್ಲಿದ್ದರೆ ಡಾಕ್ಟರಿಗೆ ತುಂಬಾ ಅನುಕೂಲ.

ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

ಇದನ್ನೊಂದು ನಿಧಾನವಾಗಿ ಓದಿ. ಇಡೀ ಪುಟದಲ್ಲಿ ಇದಕ್ಕಿಂತ ಮುಖ್ಯವಾದ ಉತ್ತರ ಇಲ್ಲ.

ವರ್ಷಗಟ್ಟಲೆ ಸುಮ್ನೆ ಇದ್ದ ಗಡ್ಡೆ ಕೆಲವೇ ವಾರ ಅಥವಾ ತಿಂಗಳಲ್ಲಿ ದೊಡ್ಡದಾಗುವುದು. ಮೆತ್ತಗಿದ್ದದ್ದು ಗಟ್ಟಿಯಾಗುವುದು. ಮುಂಚೆ ಇಲ್ಲದ ನೋವು ಶುರುವಾಗಿ ಬಿಡದೇ ಇರುವುದು, ಅದರಲ್ಲೂ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು. ಆ ನರ ಹೋಗುವ ಕಡೆ ಜೋಮು, ಉರಿ, ಶಕ್ತಿ ಕಡಿಮೆಯಾಗುವುದು, ಚಪ್ಪಲಿ ಕಾಲಿಂದ ಜಾರುವುದು, ಕೈಯಲ್ಲಿ ಹಿಡಿದ ಲೋಟ ಬೀಳುವುದು. ಇವುಗಳಲ್ಲಿ ಒಂದಿದ್ದರೂ ಸಾಕು, ಎಲ್ಲ ಸೇರಲಿ ಅಂತ ಕಾಯಬೇಡಿ. ಎನ್‌ಎಫ್1 ಇಲ್ಲದವರಿಗೂ ಇದೇ ಮಾತು. ಐದು ಸೆಂಟಿಮೀಟರಿಗಿಂತ ದೊಡ್ಡದಾದ, ಆಳದಲ್ಲಿರುವ, ಬೆಳೆಯುತ್ತಿರುವ ಯಾವ ಗಂಟನ್ನೂ ಕೊಬ್ಬಿನ ಗಡ್ಡೆ ಅಂತ ಪರೀಕ್ಷೆಯಿಲ್ಲದೆ ತೀರ್ಮಾನ ಮಾಡಬಾರದು.

ಎನ್‌ಎಫ್1 ಇರುವವರ ಮನೆಗಳಲ್ಲಿ ಒಂದು ತೊಂದರೆ ಇದೆ. ಚಿಕ್ಕಂದಿನಿಂದ ಗಂಟು ನೋಡಿ ನೋಡಿ ಅಭ್ಯಾಸ ಆಗಿಬಿಟ್ಟಿರುತ್ತದೆ. ಅಪ್ಪನಿಗೂ ಇತ್ತು, ಅತ್ತೆಗೂ ಇತ್ತು, ಏನೂ ಆಗಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಗಂಟು ಇರುವುದು ಹೊಸದಲ್ಲ, ಸರಿ. ಅದು ಬದಲಾಗುತ್ತಿದೆಯಾ ಅನ್ನುವುದೇ ಪ್ರಶ್ನೆ. ದೊಡ್ಡ ಗಡ್ಡೆಗಳ ಅಳತೆ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಹೊಡೆದು ಮೊಬೈಲಿನಲ್ಲಿ ದಿನಾಂಕದ ಜೊತೆ ಇಟ್ಟುಕೊಳ್ಳಿ. ಖರ್ಚಿಲ್ಲದ ಕೆಲಸ, ಆದರೆ ಡಾಕ್ಟರ್ ಎದುರು ಕೂತಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಕಾಲು ಸೆಳೆತ ಸಯಾಟಿಕಾ ಅಂತ ಹೇಳಿ ಮಾತ್ರೆ ಕೊಟ್ಟಿದ್ದಾರೆ. ಅದೇ ಇರಬಹುದಲ್ವಾ?

ಬಹುತೇಕ ಅದೇ ಇರುತ್ತದೆ. ಸೊಂಟದಿಂದ ಕಾಲಿಗೆ ಇಳಿಯುವ ನೋವಿರುವವರಲ್ಲಿ ಹೆಚ್ಚಿನವರಿಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆಯೇ ಇರುತ್ತದೆ, ಹೆದರಬೇಕಾಗಿಲ್ಲ. ಆದರೆ ಈ ಕ್ಯಾನ್ಸರಿಗೂ ಆ ದೊಡ್ಡ ನರ, ಅಂದರೆ ಸಯಾಟಿಕ್ ನರ, ಸಾಮಾನ್ಯ ಜಾಗ. ಹಾಗೆಯೇ ಕೈಗೆ ಹೋಗುವ ನರಗಳು ಕುತ್ತಿಗೆ ಮತ್ತು ಭುಜದ ನಡುವೆ ಗುಂಪಾಗಿರುವ ಜಾಗ, ಮತ್ತು ಸೊಂಟದ ಕೆಳಗೆ ಒಳಗಡೆ ಇರುವ ನರಗಳ ಗುಂಪು.

ಎಡವಟ್ಟು ಆಗುವುದು ಹೀಗೆ: ಬೆನ್ನಿನ ಎಂಆರ್‌ಐ ಮಾಡಿಸುತ್ತಾರೆ, ಅದರಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬರುತ್ತದೆ, ಮಧ್ಯವಯಸ್ಸಿನ ಎಷ್ಟೋ ಜನರಿಗೆ ಅದು ಇದ್ದೇ ಇರುತ್ತದೆ, ಅದಕ್ಕೇ ಫಿಸಿಯೋಥೆರಪಿ, ಬೆಲ್ಟು, ಮಾತ್ರೆ ಅಂತ ತಿಂಗಳುಗಳು ಹೋಗುತ್ತವೆ, ಆದರೆ ಗಡ್ಡೆ ಇರುವುದು ಕುಂಡಿಯ ಒಳಗೋ ತೊಡೆಯ ಹಿಂದೆಯೋ ಆಗಿದ್ದರೆ ಬೆನ್ನಿನ ಎಂಆರ್‌ಐಯಲ್ಲಿ ಅದು ಸಿಗುವುದೇ ಇಲ್ಲ. ಆದ್ದರಿಂದ ಚಿಕಿತ್ಸೆ ತೆಗೆದುಕೊಂಡರೂ ನೋವು ಏರುತ್ತಲೇ ಇದ್ದರೆ, ಮಲಗಿದರೂ ಕಡಿಮೆಯಾಗದಿದ್ದರೆ, ತೊಡೆಯಲ್ಲಿ ಒತ್ತಿದ ಕೂಡಲೇ ಪಾದದವರೆಗೆ ಶಾಕ್ ಹೊಡೆದಂತೆ ಆಗುತ್ತಿದ್ದರೆ, ಆ ಜಾಗದ್ದೇ ಎಂಆರ್‌ಐ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಗಡ್ಡೆ ಇರುವ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕಿಸುವುದು, ಬರೆ ಹಾಕಿಸುವುದು ಬೇಡವೇ ಬೇಡ.

ಯಾವ ಪರೀಕ್ಷೆ ಮಾಡುತ್ತಾರೆ?

ಮೊದಲು ಆ ಜಾಗದ ಎಂಆರ್‌ಐ. ಗಡ್ಡೆ ಎಷ್ಟಿದೆ, ಯಾವ ನರಕ್ಕೆ ಅಂಟಿದೆ, ರಕ್ತನಾಳದಿಂದ ಎಷ್ಟು ದೂರ ಅನ್ನುವುದೆಲ್ಲ ಗೊತ್ತಾಗುವುದು ಅದರಲ್ಲೇ. ಆಮೇಲೆ ಬಯಾಪ್ಸಿ, ಅಂದರೆ ಗಡ್ಡೆಯ ಒಂದು ಚೂರು ತೆಗೆದು ಪರೀಕ್ಷೆ ಮಾಡುವುದು. ಕ್ಯಾನ್ಸರ್ ಅಂತ ಖಚಿತವಾದರೆ ಎದೆಯ ಸಿಟಿ ಸ್ಕ್ಯಾನ್, ಯಾಕೆಂದರೆ ಇದು ಹರಡಿದರೆ ಸಾಮಾನ್ಯವಾಗಿ ಮೊದಲು ಹೋಗುವುದು ಶ್ವಾಸಕೋಶಕ್ಕೆ.

ಪೆಟ್ ಸ್ಕ್ಯಾನ್ ಎಲ್ಲರಿಗೂ ಬೇಕಾಗುವುದಿಲ್ಲ. ಎನ್‌ಎಫ್1 ಇರುವವರಿಗೆ ಮಾತ್ರ ಅದರಿಂದ ನಿಜವಾದ ಉಪಯೋಗ ಇದೆ: ಮೈಯಲ್ಲಿ ಹತ್ತು ಗಡ್ಡೆ ಇದ್ದಾಗ ಯಾವುದು ಕೆಟ್ಟಿರಬಹುದು, ಒಂದೇ ದೊಡ್ಡ ಗಡ್ಡೆಯಲ್ಲಿ ಯಾವ ಭಾಗಕ್ಕೆ ಸೂಜಿ ಹಾಕಬೇಕು ಅಂತ ಅದು ತೋರಿಸುತ್ತದೆ. ಗಡ್ಡೆಯ ಒಂದು ಮೂಲೆ ಮಾತ್ರ ಕ್ಯಾನ್ಸರ್ ಆಗಿದ್ದು, ಸೂಜಿ ಬೇರೆ ಕಡೆ ಹೋದರೆ ರಿಪೋರ್ಟ್ ಸುಮ್ನೆ ನಾರ್ಮಲ್ ಅಂತ ಬರುವ ಅಪಾಯ ಇದೆ.

ಸೂಜಿ ಚುಚ್ಚಿದರೆ, ಕತ್ತರಿ ಹಾಕಿದರೆ ಕ್ಯಾನ್ಸರ್ ಹರಡುತ್ತೆ ಅಂತಾರೆ. ನಿಜನಾ?

ಸರಿಯಾದ ಜಾಗದಲ್ಲಿ ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಕಾಯಿಲೆ ಉಲ್ಬಣಿಸುವ ಭಯ ಬೇಡ. ಬಯಾಪ್ಸಿ ಬೇಡ ಅಂತ ಮನೆಗೆ ಹೋದವರು ಕಳೆದುಕೊಳ್ಳುವುದು ಸಮಯವನ್ನು.

ಆದರೆ ಯಾರು, ಹೇಗೆ ಮಾಡುತ್ತಾರೆ ಅನ್ನುವುದು ಖಂಡಿತ ಮುಖ್ಯ. ತೆಳು ಸೂಜಿಯ ಎಫ್‌ಎನ್‌ಎಸಿಯಲ್ಲಿ ಬಿಡಿ ಬಿಡಿ ಕೋಶಗಳು ಮಾತ್ರ ಸಿಗುತ್ತವೆ, ಈ ಕಾಯಿಲೆಯನ್ನು ತೀರ್ಮಾನಿಸಲು ಅದು ಸಾಲುವುದಿಲ್ಲ. ಸ್ಕ್ಯಾನ್ ನೋಡಿಕೊಂಡು ದಪ್ಪ ಸೂಜಿಯಿಂದ ಚೂರು ತೆಗೆಯುವ ಕೋರ್ ಬಯಾಪ್ಸಿ ಬೇಕು. ಸೂಜಿ ಹೋದ ದಾರಿಯನ್ನೂ ಮುಂದೆ ಆಪರೇಷನ್‌ನಲ್ಲಿ ಗಡ್ಡೆಯ ಜೊತೆ ತೆಗೆಯುವ ಪದ್ಧತಿ ಇದೆ. ಅದಕ್ಕೇ ಆಪರೇಷನ್ ಮಾಡುವ ಸರ್ಜನ್ ಜೊತೆ ಮಾತಾಡಿಕೊಂಡು ಸೂಜಿಯ ಜಾಗ ನಿರ್ಧರಿಸುತ್ತಾರೆ. ಬಯಾಪ್ಸಿ ಮಾಡುವಾಗ ಶಾಕ್ ಹೊಡೆದಂತೆ ನೋವಾದರೆ ತಕ್ಷಣ ಹೇಳಿ, ಹಲ್ಲು ಕಚ್ಚಿಕೊಂಡು ಸಹಿಸಬೇಡಿ.

ಕೊಬ್ಬಿನ ಗಡ್ಡೆ ಅಂತ ಊರಿನ ಆಸ್ಪತ್ರೆಯಲ್ಲಿ ತೆಗೆದಿದ್ದರು. ಈಗ ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಏನು ಮಾಡಲಿ?

ಇದು ಆಗುತ್ತಲೇ ಇರುತ್ತದೆ, ಬೇಸರದ ಸಂಗತಿ. ಗಡ್ಡೆಯನ್ನು ಸುಲಿದು ತೆಗೆದಾಗ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿರುವ ಸಾಧ್ಯತೆ ಜಾಸ್ತಿ. ಹಾಗಂತ ಎಲ್ಲ ಮುಗಿಯಿತು ಅಂತಲ್ಲ. ಮತ್ತೆ ಎಂಆರ್‌ಐ ಮಾಡಿ, ಹಳೆಯ ಗಾಯದ ಗುರುತು, ಅದರ ಕೆಳಗಿನ ಜಾಗ, ಡ್ರೈನ್ ಟ್ಯೂಬ್ ಹಾಕಿದ್ದ ತೂತು ಎಲ್ಲ ಸೇರಿಸಿ ಇನ್ನೊಮ್ಮೆ ಅಗಲವಾಗಿ ತೆಗೆಯುತ್ತಾರೆ.

ಅಲ್ಲಿಂದ ಹೊರಡುವ ಮೊದಲು ಮೂರು ವಸ್ತು ಕೇಳಿ ತೆಗೆದುಕೊಳ್ಳಿ. ಆಪರೇಷನ್ ನೋಟ್ಸ್, ಮೊದಲು ಮಾಡಿಸಿದ ಸ್ಕ್ಯಾನಿನ ಸಿಡಿ, ಮತ್ತು ಪ್ಯಾಥಾಲಜಿ ಲ್ಯಾಬಿನಿಂದ, ತೆಗೆದ ಗಡ್ಡೆಯ ಚೂರು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಸ್ಲೈಡ್. ರಿಪೋರ್ಟಿನ ಹಾಳೆ ಒಂದೇ ಇದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಆಗುವುದಿಲ್ಲ. ಅಲ್ಲಿನ ತಜ್ಞರು ಬ್ಲಾಕಿನಿಂದ ಹೊಸದಾಗಿ ಪರೀಕ್ಷೆ ಮಾಡಿ ನೋಡುತ್ತಾರೆ. ಬ್ಲಾಕ್ ಕೇಳುವುದು ನಿಮ್ಮ ಹಕ್ಕು, ಸಂಕೋಚ ಪಡಬೇಡಿ.

ಎಲ್ಲಿಗೆ ಹೋಗಬೇಕು? ಖರ್ಚು?

ಸಾರ್ಕೋಮಾ ನೋಡಿ ಅಭ್ಯಾಸ ಇರುವ, ಕ್ಯಾನ್ಸರ್ ಸರ್ಜನ್, ರೇಡಿಯೇಷನ್ ಡಾಕ್ಟರ್, ಕೀಮೋ ಡಾಕ್ಟರ್, ಪ್ಯಾಥಾಲಜಿಸ್ಟ್ ಒಟ್ಟಿಗೆ ಕೂತು ಚರ್ಚಿಸುವ ವ್ಯವಸ್ಥೆ ಇರುವ ಜಾಗಕ್ಕೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರದ್ದು. ಮುಂಬೈಯ ಟಾಟಾ ಮೆಮೋರಿಯಲ್‌ಗೆ ಉತ್ತರ ಕರ್ನಾಟಕದಿಂದ ಹೋಗುವವರು ಬಹಳ ಜನ. ಖಾಸಗಿ ಆಸ್ಪತ್ರೆ ಆದರೂ ಪರವಾಗಿಲ್ಲ, ಇಂಥ ಗಡ್ಡೆ ವರ್ಷಕ್ಕೆ ಎಷ್ಟು ಆಪರೇಷನ್ ಮಾಡುತ್ತೀರಿ ಅಂತ ನೇರವಾಗಿ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಭೇಟಿ ಮಾಡಿ.

ಪ್ಯಾಥಾಲಜಿ ರಿಪೋರ್ಟಿನಲ್ಲಿ ಏನು ನೋಡಬೇಕು?

ಗ್ರೇಡ್ ನೋಡಿ. 1, 2, 3 ಅಂತ ಇರುತ್ತದೆ, ಹೆಚ್ಚಿದ್ದಷ್ಟೂ ವೇಗ ಜಾಸ್ತಿ. ಆಪರೇಷನ್ ಆದ ಮೇಲಿನ ರಿಪೋರ್ಟ್ ಆದರೆ ಮಾರ್ಜಿನ್, ಅಂದರೆ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ ಇಲ್ಲವಾ ಅನ್ನುವುದನ್ನು ನೋಡಿ. ಎಸ್100, ಸಾಕ್ಸ್10, ಎಚ್3ಕೆ27ಎಂಇ3 ಅಂತ ಕೆಲವು ಹೆಸರು ಕಾಣುತ್ತವೆ. ಇವು ಕೋಶಗಳಿಗೆ ಬಣ್ಣ ಹಾಕಿ ಗುರುತಿಸುವ ಪರೀಕ್ಷೆಗಳು. ಹೈ ಗ್ರೇಡ್ ಎಂಪಿಎನ್‌ಎಸ್‌ಟಿಗಳಲ್ಲಿ ಎಚ್3ಕೆ27ಎಂಇ3 ಎಷ್ಟೋ ಸಲ ಪೂರ್ತಿ ಮಾಯವಾಗಿರುತ್ತದೆ, ಅದು ಪ್ಯಾಥಾಲಜಿಸ್ಟಿಗೆ ಒಳ್ಳೆಯ ಸುಳಿವು. ಟ್ರೈಟಾನ್ ಟ್ಯೂಮರ್ ಅಂತ ಬರೆದಿದ್ದರೆ ಗಡ್ಡೆಯಲ್ಲಿ ಸ್ನಾಯುವಿನಂಥ ಕೋಶಗಳೂ ಇವೆ ಅಂತ ಅರ್ಥ. ಅದು ಸ್ವಲ್ಪ ಹೆಚ್ಚು ಕಠಿಣವಾದ ಬಗೆ. ಈ ಕಾಯಿಲೆ ಬೇರೆ ಸಾರ್ಕೋಮಾಗಳಂತೆಯೇ ಕಾಣುವುದರಿಂದ ಸ್ಲೈಡನ್ನು ಎರಡನೇ ಪ್ಯಾಥಾಲಜಿಸ್ಟ್ ನೋಡುವುದು ಒಳ್ಳೆಯದು.

ಆಪರೇಷನ್ ಅಂದರೆ ಕಾಲೇ ತೆಗೆಯುತ್ತಾರಾ?

ಈಗ ಹೆಚ್ಚಿನವರಿಗೆ ಕೈಕಾಲು ಉಳಿಸಿಯೇ ಆಪರೇಷನ್ ಮಾಡುತ್ತಾರೆ. ಸುತ್ತಲಿನ ಒಂದಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ, ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆಯುವುದು ಗುರಿ. ಈ ಕಾಯಿಲೆಯನ್ನು ಗುಣ ಮಾಡುವ ಶಕ್ತಿ ಇರುವುದು ಮುಖ್ಯವಾಗಿ ಇದಕ್ಕೇ. ದೊಡ್ಡ ರಕ್ತನಾಳ, ಮೂಳೆ ಎಲ್ಲ ಸುತ್ತಿಕೊಂಡು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಕೈಕಾಲು ತೆಗೆಯುವ ಮಾತು ಬರುತ್ತದೆ.

ಆದರೆ ಗಡ್ಡೆ ಹುಟ್ಟಿದ ನರವನ್ನು ಸಾಮಾನ್ಯವಾಗಿ ಬಿಟ್ಟುಕೊಡಬೇಕಾಗುತ್ತದೆ. ಸಯಾಟಿಕ್ ನರ ಹೋದರೆ ಪಾದ ಮೇಲೆತ್ತಲು ಆಗುವುದಿಲ್ಲ, ಅಂಗಾಲಿನಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ. ಕೇಳಲು ಭಯ ಆಗುತ್ತದೆ, ನಿಜ. ಪಾದಕ್ಕೆ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿಕೊಂಡು, ಫಿಸಿಯೋಥೆರಪಿ ಮಾಡಿಸಿಕೊಂಡು ಜನ ಓಡಾಡುತ್ತಾರೆ, ಕೆಲಸಕ್ಕೂ ಹೋಗುತ್ತಾರೆ. ಸ್ಪರ್ಶ ಇಲ್ಲದ ಪಾದವನ್ನು ದಿನಾ ರಾತ್ರಿ ನೋಡಿಕೊಳ್ಳಬೇಕು, ಬರಿಗಾಲಲ್ಲಿ ಗದ್ದೆಗೆ, ದೇವಸ್ಥಾನದ ಬಿಸಿ ಕಲ್ಲಿನ ಮೇಲೆ ಹೋಗಬಾರದು, ಗಾಯ ಆದರೆ ಗೊತ್ತೇ ಆಗುವುದಿಲ್ಲ. ಆಪರೇಷನ್ ಮೊದಲೇ ಸರ್ಜನ್ ಹತ್ತಿರ ಯಾವ ಶಕ್ತಿ ಉಳಿಯುತ್ತದೆ, ಯಾವುದು ಹೋಗುತ್ತದೆ ಅಂತ ಬಿಡಿಸಿ ಕೇಳಿಕೊಳ್ಳಿ.

ರೇಡಿಯೇಷನ್ ಮತ್ತು ಕೀಮೋ ಬೇಕಾ?

ಗಡ್ಡೆ ದೊಡ್ಡದಿದ್ದರೆ, ಹೈ ಗ್ರೇಡ್ ಇದ್ದರೆ, ಅಂಚು ಸಾಲದೇ ಹೋದರೆ ಆಪರೇಷನ್ ಮೊದಲೋ ಆಮೇಲೋ ರೇಡಿಯೇಷನ್ ಕೊಡುತ್ತಾರೆ. ಅದೇ ಜಾಗದಲ್ಲಿ ಮತ್ತೆ ಬರುವುದನ್ನು ಅದು ಕಡಿಮೆ ಮಾಡುತ್ತದೆ. ಎನ್‌ಎಫ್1 ಇರುವವರಿಗೆ ರೇಡಿಯೇಷನ್‌ನಿಂದಲೇ ಮುಂದೆ ಇನ್ನೊಂದು ಗಡ್ಡೆ ಬರುವ ಅಪಾಯ ಇರುವುದರಿಂದ ಡಾಕ್ಟರುಗಳು ಎರಡು ಸಲ ಯೋಚಿಸುತ್ತಾರೆ. ಅಗತ್ಯ ಇದೆ ಅಂದರೆ ಬೇಡ ಅನ್ನಬೇಡಿ, ಈಗ ಇರುವ ಅಪಾಯ ದೊಡ್ಡದು.

ಕೀಮೋದಲ್ಲಿ ಡಾಕ್ಸೊರುಬಿಸಿನ್ ಮತ್ತು ಐಫಾಸ್ಫಮೈಡ್ ಮುಖ್ಯ ಔಷಧಿಗಳು. ಕೆಲವರಿಗೆ ಗಡ್ಡೆ ಕುಗ್ಗುತ್ತದೆ, ಎಲ್ಲರಿಗೂ ಅಲ್ಲ. ವಯಸ್ಸು ಚಿಕ್ಕದಿದ್ದು ಮುಂದೆ ಮಕ್ಕಳು ಬೇಕು ಅಂತಿದ್ದರೆ ಮೊದಲ ಕೀಮೋಗೆ ಮುಂಚೆಯೇ ವೀರ್ಯ ಅಥವಾ ಅಂಡಾಣು ಶೇಖರಿಸಿಡುವ ಬಗ್ಗೆ ಕೇಳಿ. ಆಮೇಲೆ ಕೇಳಿದರೆ ತಡವಾಗಿರುತ್ತದೆ.

ಸೆಲುಮೆಟಿನಿಬ್ ಅಂತ ಹೊಸ ಮಾತ್ರೆ ಬಂದಿದೆಯಂತೆ, ಇದಕ್ಕೆ ಕೊಡಬಹುದಾ?

ಅದು ಈ ಕ್ಯಾನ್ಸರಿಗಲ್ಲ. ಎನ್‌ಎಫ್1 ಇರುವ ಮಕ್ಕಳ, ಆಪರೇಷನ್ ಮಾಡಲಾಗದ ಪ್ಲೆಕ್ಸಿಫಾರ್ಮ್ ಗಡ್ಡೆಗಳಿಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. 2025ರಲ್ಲಿ ಮಿರ್ಡಾಮೆಟಿನಿಬ್ ಎಂಬ ಇನ್ನೊಂದಕ್ಕೆ ಮಕ್ಕಳು, ದೊಡ್ಡವರು ಇಬ್ಬರಿಗೂ ಒಪ್ಪಿಗೆ ಸಿಕ್ಕಿತು. ಕ್ಯಾನ್ಸರ್ ಆಗಿ ತಿರುಗಿದ ಮೇಲೆ ಈ ಮಾತ್ರೆಯೊಂದನ್ನೇ ನಂಬಿ ಕೂರುವಂತಿಲ್ಲ. ವಾಟ್ಸಾಪಿನಲ್ಲಿ ಬಂದ ಸುದ್ದಿ ನೋಡಿ ಸಾಲ ಮಾಡಿ ತರಿಸಬೇಡಿ. ನಾಟಿ ಔಷಧಿಗೂ ಇದೇ ಮಾತು, ಗಡ್ಡೆ ಕರಗಿಸುವ ಲೇಪ ಅಂತ ಹಚ್ಚುತ್ತಾ ಕೂತರೆ ಆಪರೇಷನ್ ಮಾಡುವ ಹಂತ ದಾಟಿಹೋಗುತ್ತದೆ.

ಬದುಕುತ್ತಾರಾ?

ಇದು ಕಠಿಣ ಕ್ಯಾನ್ಸರ್, ಮುಚ್ಚಿಡುವುದು ಸರಿಯಲ್ಲ. ಐದು ವರ್ಷ ದಾಟುವವರು ಬೇರೆ ಬೇರೆ ವರದಿಗಳಲ್ಲಿ ಮೂರರಲ್ಲಿ ಒಬ್ಬರಿಂದ ಎರಡರಲ್ಲಿ ಒಬ್ಬರವರೆಗೆ ಇದ್ದಾರೆ. ಆದರೆ ಈ ಲೆಕ್ಕದಲ್ಲಿ ತಡವಾಗಿ ಬಂದವರು, ಶ್ವಾಸಕೋಶಕ್ಕೆ ಹರಡಿದವರು ಎಲ್ಲ ಸೇರಿದ್ದಾರೆ. ಐದು ಸೆಂಟಿಮೀಟರಿಗಿಂತ ಚಿಕ್ಕದಿದ್ದು, ಗ್ರೇಡ್ ಕಡಿಮೆ ಇದ್ದು, ಕೈಕಾಲಿನಲ್ಲಿದ್ದು, ಅಂಚು ಪೂರ್ತಿ ಸ್ವಚ್ಛವಾಗಿ ತೆಗೆದಿದ್ದರೆ ಪರಿಸ್ಥಿತಿ ಬಹಳ ಒಳ್ಳೆಯದಿರುತ್ತದೆ. ಅದಕ್ಕೇ ಮೊದಲ ಆಪರೇಷನ್ ಸರಿಯಾದ ಕೈಯಲ್ಲಿ ಆಗಬೇಕು ಅಂತ ಇಷ್ಟು ಒತ್ತಿ ಹೇಳುತ್ತಿರುವುದು.

ರೋಗಿಗೆ ಹೇಳಬೇಕಾ? ಮನೆಯವರು ಬೇಡ ಅಂತಿದ್ದಾರೆ.

ಹೇಳಿ. ಈ ಕಾಯಿಲೆ ಬರುವುದು ಎಷ್ಟೋ ಸಲ ಇಪ್ಪತ್ತೈದು ಮೂವತ್ತರ ವಯಸ್ಸಿನವರಿಗೆ. ಅವರ ಕಾಲಿನ ನರ ತೆಗೆಯುವ ನಿರ್ಧಾರವನ್ನು ಅವರಿಗೇ ತಿಳಿಸದೆ ದೊಡ್ಡಪ್ಪ ಚಿಕ್ಕಪ್ಪ ಸೇರಿ ತೆಗೆದುಕೊಳ್ಳುವುದು ನ್ಯಾಯವಲ್ಲ. ಎಲ್ಲವನ್ನೂ ಒಂದೇ ದಿನ ಹೇಳಬೇಕು ಅಂತಿಲ್ಲ. ಅವರು ಎಷ್ಟು ಕೇಳುತ್ತಾರೋ ಅಷ್ಟು ಹೇಳಿ, ಸುಳ್ಳು ಮಾತ್ರ ಬೇಡ.

ಮಕ್ಕಳಿಗೂ ಬರುತ್ತಾ? ಮದುವೆ ಮಾಡಬಹುದಾ?

ಎನ್‌ಎಫ್1 ಇಲ್ಲದವರಿಗೆ ಬಂದಿದ್ದರೆ ಮಕ್ಕಳಿಗೆ ಬರುವ ಚಿಂತೆ ಸಾಮಾನ್ಯವಾಗಿ ಇಲ್ಲ. ಎನ್‌ಎಫ್1 ಇದ್ದರೆ ಆ ಜೀನ್ ಪ್ರತಿ ಮಗುವಿಗೂ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಹೋಗುವುದು ಎನ್‌ಎಫ್1, ಕ್ಯಾನ್ಸರ್ ಅಲ್ಲ. ಎನ್‌ಎಫ್1 ಇರುವವರಲ್ಲಿ ಅರ್ಧದಷ್ಟು ಜನರ ಅಪ್ಪ ಅಮ್ಮ ಇಬ್ಬರಿಗೂ ಅದು ಇರುವುದಿಲ್ಲ, ಅವರಲ್ಲೇ ಹೊಸದಾಗಿ ಆಗಿರುತ್ತದೆ. ಆದ್ದರಿಂದ ಯಾರ ಕಡೆಯಿಂದ ಬಂತು ಅಂತ ಸೊಸೆಯನ್ನು ಹಂಗಿಸುವುದನ್ನು ನಿಲ್ಲಿಸಿ. ಮದುವೆ ಖಂಡಿತ ಆಗಬಹುದು, ಸಂಗಾತಿಗೆ ವಿಷಯ ತಿಳಿಸಿ ಆಗಬೇಕು. ಮಗು ಬೇಕು ಅಂದುಕೊಂಡಾಗ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ. ಬಸಿರಿನಲ್ಲಿ ಕೆಲವರಿಗೆ ಗಂಟುಗಳು ಬೆಳೆಯುವುದುಂಟು, ಆಗ ಎನ್‌ಎಫ್1 ಗೊತ್ತಿರುವ ಡಾಕ್ಟರ್ ಜೊತೆಗಿರಲಿ.

ಚಿಕಿತ್ಸೆ ಮುಗಿಯಿತು. ಇನ್ನು ಎಷ್ಟು ದಿನ ಆಸ್ಪತ್ರೆಗೆ ಓಡಾಡಬೇಕು?

ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲ ಆಪರೇಷನ್ ಆದ ಜಾಗ ಮತ್ತು ಎದೆ, ಎರಡನ್ನೂ ನೋಡಬೇಕು. ಮತ್ತೆ ಬರುವುದಿದ್ದರೆ ಮೊದಲ ಎರಡು ವರ್ಷದಲ್ಲೇ ಜಾಸ್ತಿ, ಆ ಅವಧಿಯಲ್ಲಿ ಒಂದು ತಾರೀಖನ್ನೂ ತಪ್ಪಿಸಬೇಡಿ. ಶ್ವಾಸಕೋಶದಲ್ಲಿ ಒಂದೆರಡು ಚಿಕ್ಕ ಗಂಟು ಕಂಡರೂ ಬೇಗ ಸಿಕ್ಕರೆ ಕೆಲವರಿಗೆ ಅವನ್ನೂ ಆಪರೇಷನ್ ಮಾಡಿ ತೆಗೆಯಬಹುದು. ಊರು ದೂರ ಇದ್ದರೆ ಎಂಆರ್‌ಐ ಮತ್ತು ಸಿಟಿಯನ್ನು ಹತ್ತಿರದ ಜಿಲ್ಲಾ ಕೇಂದ್ರದಲ್ಲಿ ಮಾಡಿಸಿ, ಸಿಡಿ ಹಿಡಿದುಕೊಂಡು ಹೋಗಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ.